ಟ್ಯಾರೋ ಕಲಿಕೆ: ಅರ್ಥದ ಪುಸ್ತಿಕೆಗೆ ಮೊದಲು ಚಿತ್ರ

ಚಿತ್ರದ ಕಾರ್ಡುಗಳನ್ನು ತೆರೆದು ಪ್ರಶ್ನೆಯೊಂದಕ್ಕೆ ಅರ್ಥ ಹುಡುಕುವ ಟ್ಯಾರೋ ಕಲಿಯಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ, 78 ಕಾರ್ಡುಗಳ ಅರ್ಥವನ್ನು ಬಾಯಿಪಾಠ ಮಾಡಲು ಕೂರುವುದು. ನಾನೂ ಹಾಗೆಯೇ ಆರಂಭಿಸಿದೆ. ಪ್ರತಿ ಕಾರ್ಡಿಗೂ ನಾಲ್ಕೈದು ಪದಗಳು ನಾಲಿಗೆಯ ಮೇಲಿದ್ದವು. ಆದರೆ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕಾರ್ಡನ್ನು ತೆರೆದಾಗ ಆ ಪದಗಳಿಂದ ಒಂದು ಪೂರ್ಣ ವಾಕ್ಯವೂ ಹುಟ್ಟುತ್ತಿರಲಿಲ್ಲ. ಗಿಳಿಪಾಠದಿಂದ ಕಾರ್ಡಿನ ಹೆಸರು ಗೊತ್ತಾಗುತ್ತದೆ, ಕಾರ್ಡನ್ನು ಓದುವುದು ಬರುವುದಿಲ್ಲ ಎಂಬುದು ಆಗ ಮನವರಿಕೆಯಾಯಿತು. ಆದ್ದರಿಂದ ಈ ಟಿಪ್ಪಣಿಯಲ್ಲಿ ಅರ್ಥಗಳ ಪಟ್ಟಿಯನ್ನು ಕೊಡದೆ, ಚಿತ್ರದಿಂದ ಅರ್ಥಕ್ಕೆ ಹೋಗುವ ದಾರಿಯನ್ನು ವಿವರಿಸುತ್ತೇನೆ.

ಚಿತ್ರಕ್ಕೆ ಇಷ್ಟು ಮಹತ್ವವೇಕೆ ಎಂಬುದನ್ನು ತಿಳಿಯಲು ಚರಿತ್ರೆಯನ್ನು ಸ್ವಲ್ಪ ನೋಡಬೇಕು. 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಈ ಕಾರ್ಡುಗಳು ಹುಟ್ಟಿದ್ದು ಆಟಕ್ಕಾಗಿ. ಭವಿಷ್ಯ ಹೇಳುವ ಬಳಕೆ ವ್ಯಾಪಕವಾದದ್ದು 18ನೆಯ ಶತಮಾನದ ಕೊನೆಯ ಭಾಗದಲ್ಲಿ, ಫ್ರಾನ್ಸಿನಲ್ಲಿ. ಹಳೆಯ ಕಾರ್ಡು ಕಟ್ಟುಗಳಲ್ಲಿ ಸಂಖ್ಯೆಯ ಕಾರ್ಡುಗಳ ಮೇಲೆ ಸಾಮಾನ್ಯವಾಗಿ ಬಟ್ಟಲು ಅಥವಾ ಕತ್ತಿಯ ಗುರುತುಗಳಷ್ಟೇ ಇರುತ್ತಿದ್ದವು. 1909ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಆರ್ಥರ್ ಎಡ್ವರ್ಡ್ ವೇಟ್ ರೂಪಿಸಿದ ಕಟ್ಟಿಗೆ ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್, ಆ ಸಂಖ್ಯೆಯ ಕಾರ್ಡುಗಳಿಗೂ ಹೆಚ್ಚಾಗಿ ಮನುಷ್ಯರಿರುವ ಪೂರ್ಣ ದೃಶ್ಯಗಳನ್ನು ಕೊಟ್ಟರು. ಹೊಸಬರು ಇದೇ ಕಟ್ಟಿನಿಂದ ಕಲಿಯುವುದು ಒಳ್ಳೆಯದು ಎಂದು ನಾನು ಹೇಳುವುದು ಈ ಕಾರಣಕ್ಕಾಗಿ. ಒಂದು ಎಚ್ಚರಿಕೆ: ಈ ಕಟ್ಟಿನಲ್ಲಿ ಸ್ಟ್ರೆಂತ್ (ಶಕ್ತಿ) ಎಂಬ ಕಾರ್ಡು 8ನೆಯದು, ಜಸ್ಟಿಸ್ (ನ್ಯಾಯ) 11ನೆಯದು; ಹಳೆಯ ಫ್ರೆಂಚ್ ಕಟ್ಟುಗಳಲ್ಲಿ ಇದು ಅದಲುಬದಲಾಗಿರುತ್ತದೆ.

ಕಟ್ಟಿನ ರಚನೆ ಸರಳ. ಮೇಜರ್ ಅರ್ಕಾನಾ ಎಂಬ ಮುಖ್ಯ ಗುಂಪಿನ 22 ಕಾರ್ಡುಗಳು 0 ಸಂಖ್ಯೆಯ ಫೂಲ್‌ನಿಂದ 21ರ ವರ್ಲ್ಡ್‌ವರೆಗೆ ಸಾಗುತ್ತವೆ. ಉಳಿದ 56 ಕಾರ್ಡುಗಳ ಮೈನರ್ ಅರ್ಕಾನಾದಲ್ಲಿ ನಾಲ್ಕು ಬಣಗಳಿದ್ದು, ಪಂಚಭೂತಗಳಲ್ಲಿ ಆಕಾಶವನ್ನು ಬಿಟ್ಟು ಉಳಿದ ನಾಲ್ಕಕ್ಕೆ ಅವನ್ನು ಹೊಂದಿಸುವುದು ರೂಢಿ: ವಾಂಡ್ಸ್ (ಕೋಲು) ಬೆಂಕಿ ಮತ್ತು ಉತ್ಸಾಹ, ಕಪ್ಸ್ (ಬಟ್ಟಲು) ನೀರು ಮತ್ತು ಭಾವನೆ, ಸ್ವೋರ್ಡ್ಸ್ (ಕತ್ತಿ) ಗಾಳಿ ಮತ್ತು ವಿಚಾರ, ಪೆಂಟಕಲ್ಸ್ (ನಾಣ್ಯ) ಮಣ್ಣು ಮತ್ತು ಬದುಕಿನ ಭೌತಿಕ ನೆಲೆ. ಇದರ ಜೊತೆಗೆ ಸಂಖ್ಯೆಯನ್ನು ಸೇರಿಸಿಕೊಂಡರೆ ನೆನಪಿನ ಹೊರೆ ಬಹಳ ಇಳಿಯುತ್ತದೆ. ನಾಲ್ಕೂ ಬಣಗಳ 5ನೆಯ ಕಾರ್ಡುಗಳನ್ನು ಒಟ್ಟಿಗೆ ಇಟ್ಟು ನೋಡಿ. ಒಂದರಲ್ಲಿ ಐವರು ಕೋಲುಗಳನ್ನು ಎತ್ತಿ ಸೆಣಸುತ್ತಿದ್ದಾರೆ. ಇನ್ನೊಂದರಲ್ಲಿ ಒಬ್ಬನು ಚೆಲ್ಲಿದ ಬಟ್ಟಲುಗಳ ಮುಂದೆ ತಲೆ ತಗ್ಗಿಸಿದ್ದಾನೆ. ಮತ್ತೊಂದರಲ್ಲಿ ಗೆದ್ದವನು ಕತ್ತಿಗಳನ್ನು ಬಾಚಿಕೊಳ್ಳುತ್ತಿರುವಾಗ ಸೋತವರು ಬೆನ್ನು ತಿರುಗಿಸಿ ಹೋಗುತ್ತಿದ್ದಾರೆ. ಕೊನೆಯದರಲ್ಲಿ ಬೆಳಕು ತುಂಬಿದ ಕಿಟಕಿಯ ಕೆಳಗೆ ಇಬ್ಬರು ಬಡವರು ಹಿಮದಲ್ಲಿ ನಡೆಯುತ್ತಿದ್ದಾರೆ. 4ರಲ್ಲಿ ನೆಲೆನಿಂತ ಸ್ಥಿತಿ 5ರಲ್ಲಿ ಕದಡುತ್ತದೆ ಎಂಬ ಸೂತ್ರವನ್ನು ಇನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಸೂತ್ರಕ್ಕೂ ಚಿತ್ರಕ್ಕೂ ಹೊಂದಾಣಿಕೆ ಕಾಣದಿದ್ದಲ್ಲಿ ನಾನು ಚಿತ್ರವನ್ನೇ ನಂಬುತ್ತೇನೆ: ತ್ರೀ ಆಫ್ ಕಪ್ಸ್‌ನಲ್ಲಿ ಮೂವರು ಹೆಂಗಸರು ಬಟ್ಟಲೆತ್ತಿ ಸಂಭ್ರಮಿಸುತ್ತಿದ್ದರೆ, ತ್ರೀ ಆಫ್ ಸ್ವೋರ್ಡ್ಸ್‌ನಲ್ಲಿ ಮಳೆಯ ನಡುವೆ ಹೃದಯವೊಂದಕ್ಕೆ ಮೂರು ಕತ್ತಿಗಳು ನಾಟಿವೆ.

ಈಗ ಫೈವ್ ಆಫ್ ಕಪ್ಸ್ ಒಂದನ್ನೇ ನಿಧಾನವಾಗಿ ಓದೋಣ. ಮೊದಲ ಹಂತದಲ್ಲಿ ಅರ್ಥದ ಗೋಜಿಗೆ ಹೋಗದೆ ಕಣ್ಣಿಗೆ ಕಾಣುವುದನ್ನು ಮಾತ್ರ ಹೇಳಬೇಕು. ಕಪ್ಪು ನಿಲುವಂಗಿಯ ವ್ಯಕ್ತಿ; ಮುಂದೆ ಉರುಳಿದ ಮೂರು ಬಟ್ಟಲು; ಬೆನ್ನ ಹಿಂದೆ ನೆಟ್ಟಗೆ ನಿಂತ ಎರಡು; ಆಚೆ ಹೊಳೆ, ಅದರ ಮೇಲೊಂದು ಸೇತುವೆ, ದಡದಾಚೆ ಒಂದು ಕಟ್ಟಡ. ಕಟ್ಟಿನ ಜೊತೆ ಬರುವ ಅರ್ಥದ ಪುಸ್ತಿಕೆ ಇದಕ್ಕೆ ‘ದುಃಖ, ನಷ್ಟ’ ಎಂದು ಬರೆದು ಮುಗಿಸುತ್ತದೆ. ಚಿತ್ರವಾದರೋ ನಷ್ಟದ ಜೊತೆಗೆ ಉಳಿಕೆಯನ್ನೂ ದಾಟುವ ದಾರಿಯನ್ನೂ ತೋರಿಸಿ, ಆ ವ್ಯಕ್ತಿ ಎತ್ತ ನೋಡುತ್ತಿದ್ದಾನೆ ಎಂಬುದನ್ನೇ ಮುಖ್ಯ ಸಂಗತಿಯಾಗಿ ಮಾಡುತ್ತದೆ. ಎರಡನೆಯ ಹಂತದಲ್ಲಿ ಪ್ರಶ್ನೆಯನ್ನು ಸೇರಿಸಬೇಕು. ಕೈತಪ್ಪಿದ ಉದ್ಯೋಗದ ಬಗ್ಗೆ ಕೇಳಿದವರಿಗೆ ಹಿಂದಿನ ಎರಡು ಬಟ್ಟಲುಗಳು ಕಲಿತ ವಿದ್ಯೆಯೂ ಉಳಿದ ಸಂಪರ್ಕಗಳೂ ಆಗಬಹುದು. ಮುರಿದ ಸ್ನೇಹದ ಬಗ್ಗೆ ಕೇಳಿದವರೊಡನೆ, ಸೇತುವೆಯನ್ನು ದಾಟುವ ಮನಸ್ಸು ಈಗ ಇದೆಯೇ ಎಂಬ ಮಾತನ್ನು ತೆಗೆಯಬಹುದು. ಮೂರನೆಯ ಹಂತದಲ್ಲಿ ಪಕ್ಕದ ಕಾರ್ಡು ಬರುತ್ತದೆ. ಮಗುವೊಂದು ಹೂ ತುಂಬಿದ ಬಟ್ಟಲನ್ನು ಇನ್ನೊಂದು ಮಗುವಿಗೆ ನೀಡುವ ಸಿಕ್ಸ್ ಆಫ್ ಕಪ್ಸ್ ಬಂದರೆ ಓದು ಹಳೆಯ ಪ್ರೀತಿಯ ನೆನಪಿನ ಕಡೆಗೆ ತಿರುಗುತ್ತದೆ; ಜೋಡಿಸಿಟ್ಟ ಬಟ್ಟಲುಗಳನ್ನು ಬಿಟ್ಟು ಒಬ್ಬನು ಬೆಟ್ಟಗಳತ್ತ ನಡೆದುಹೋಗುವ ಏಟ್ ಆಫ್ ಕಪ್ಸ್ ಬಂದರೆ, ಉಳಿದದ್ದನ್ನೂ ಬಿಟ್ಟು ಹೊರಡುವ ತೀರ್ಮಾನದ ಕಡೆಗೆ.

ಹೊಸಬರು ಹೆದರುವ ಡೆತ್ ಕಾರ್ಡಿಗೂ ಇದೇ ಕ್ರಮ ಸಲ್ಲುತ್ತದೆ. ಬಿಳಿ ಕುದುರೆಯ ಮೇಲಿನ ಅಸ್ಥಿಪಂಜರದ ಕೆಳಗೆ ರಾಜನು ಬಿದ್ದಿದ್ದಾನೆ, ಮಗುವೊಂದು ಮುಖವೆತ್ತಿ ನೋಡುತ್ತಿದೆ, ದೂರದ ಎರಡು ಗೋಪುರಗಳ ನಡುವೆ ಸೂರ್ಯನಿದ್ದಾನೆ. ಒಂದು ಅವಧಿಯ ಮುಕ್ತಾಯ ಎಂಬುದು ಇದರ ಪ್ರಚಲಿತ ಅರ್ಥ. ಯಾರಿಗೇ ಆದರೂ ಸಾವಿನ ಮುನ್ಸೂಚನೆಯೆಂದು ಇದನ್ನು ಹೇಳಲೇಬಾರದು. ಕಾರ್ಡುಗಳು ಭವಿಷ್ಯವನ್ನು ಅರಿಯುತ್ತವೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಮನಸ್ಸಿನಲ್ಲಿರುವುದನ್ನು ಎದುರಿಗಿಟ್ಟು ನೋಡಲು ಅವು ನೆರವಾಗುತ್ತವೆ ಎಂಬುದೇ ನನ್ನ ನಿಲುವು. ಹೀಗಾಗಿ ‘ಕೆಲಸ ಸಿಗುತ್ತದೆಯೇ’ ಎಂದು ಕೇಳುವ ಬದಲು ‘ಈ ಹುಡುಕಾಟದಲ್ಲಿ ನಾನು ಏನನ್ನು ಗಮನಿಸುತ್ತಿಲ್ಲ’ ಎಂದು ಕೇಳಿದರೆ ಓದಲು ಹೆಚ್ಚು ಸಿಗುತ್ತದೆ.

ತಲೆಕೆಳಗಾಗಿ ಬರುವ ಕಾರ್ಡುಗಳಿಗೆ ಬೇರೆ ಅರ್ಥ ಕೊಡುವ ಪದ್ಧತಿಯನ್ನೂ 10 ಕಾರ್ಡುಗಳನ್ನು ಒಟ್ಟಿಗೆ ಹರಡಿ ಓದುವ ಸೆಲ್ಟಿಕ್ ಕ್ರಾಸ್ ವಿನ್ಯಾಸವನ್ನೂ ಮೊದಲ ಕೆಲವು ತಿಂಗಳು ದೂರವಿಡಿ. ಒಂದು ಅಥವಾ ಮೂರು ಕಾರ್ಡು ಸಾಕು. ಪೇಜ್, ನೈಟ್, ಕ್ವೀನ್, ಕಿಂಗ್ ಎಂಬ 16 ಆಸ್ಥಾನದ ಕಾರ್ಡುಗಳು ಎಲ್ಲರಿಗೂ ತಡವಾಗಿಯೇ ಒಲಿಯುತ್ತವೆ, ಅವಸರ ಬೇಡ.

ಒಂದು ನೋಟ್‌ಬುಕ್ ಇಟ್ಟುಕೊಂಡು ದಿನಾಂಕ, ಪ್ರಶ್ನೆ, ಕಂಡದ್ದು ಇವನ್ನು ಬರೆದ ಮೇಲೆಯೇ ಪುಸ್ತಿಕೆಯನ್ನು ತೆರೆಯಿರಿ. ಏಟ್ ಆಫ್ ಸ್ವೋರ್ಡ್ಸ್ ಮೊದಲ ಸಲ ಬಂದಾಗ ನಾನು ‘ಸೆರೆ’ ಎಂದಷ್ಟೇ ಬರೆದಿದ್ದೆ. ಹೆಂಗಸೊಬ್ಬಳ ಕಣ್ಣಿಗೆ ಬಟ್ಟೆ, ಮೈಸುತ್ತ ಕಟ್ಟು, ಸುತ್ತಲೂ ನೆಟ್ಟ ಕತ್ತಿಗಳು; ಇನ್ನೇನು ಬರೆಯಲಿ ಎನಿಸಿತ್ತು. ಅದೇ ಕಾರ್ಡು ಮೂರನೆಯ ಸಲ ಬಂದ ದಿನ, ಹಳೆಯ ಪುಟವನ್ನು ಪಕ್ಕದಲ್ಲಿಟ್ಟು ಮತ್ತೆ ನೋಡಿದಾಗ, ಆ ಹೆಂಗಸಿನ ಕಾಲುಗಳಿಗೆ ಕಟ್ಟಿಲ್ಲ ಮತ್ತು ಅವಳ ಮುಂದೆ ಒಂದೂ ಕತ್ತಿಯಿಲ್ಲ ಎಂಬುದು ಕಣ್ಣಿಗೆ ಬಿತ್ತು.