ರೈಲು ಹಳಿ ಕೀಳಿಸಿದ್ದು ಬೀಚಿಂಗ್ ಒಬ್ಬರೇನಾ?

ಬ್ರಿಟನ್ನಿನಲ್ಲಿ 1960ರ ದಶಕದಲ್ಲಿ ಸಾವಿರಾರು ಮೈಲಿ ರೈಲು ಮಾರ್ಗ ಮುಚ್ಚಿದ ದೂರು ಸಾಮಾನ್ಯವಾಗಿ ಬೀಳುವುದು ಡಾ. ರಿಚರ್ಡ್ ಬೀಚಿಂಗ್ ಒಬ್ಬರ ತಲೆ ಮೇಲೆ. 1961ರಲ್ಲಿ ಅವರು ಅಲ್ಲಿನ ರೈಲ್ವೆ ವಹಿಸಿಕೊಂಡಾಗ ಮೊದಲು ಸುದ್ದಿಯಾಗಿದ್ದು ಅವರ ಸಂಬಳ. ವರ್ಷಕ್ಕೆ 24,000 ಪೌಂಡ್, ಪ್ರಧಾನಿಯ ಸಂಬಳದ ಎರಡು ಪಟ್ಟಿಗೂ ಜಾಸ್ತಿ. ಐಸಿಐ ಎಂಬ ದೊಡ್ಡ ಕೆಮಿಕಲ್ ಕಂಪನಿಯಲ್ಲಿ ಅವರು ತಾಂತ್ರಿಕ ನಿರ್ದೇಶಕರಾಗಿದ್ದರು. ಅಲ್ಲಿ ಸಿಗುತ್ತಿದ್ದಷ್ಟನ್ನೇ ಸರ್ಕಾರ ಇಲ್ಲೂ ಕೊಟ್ಟಿತು. ಓದಿದ್ದು ಭೌತಶಾಸ್ತ್ರ. ರೈಲ್ವೆಯಲ್ಲಿ ದುಡಿದವರಲ್ಲ.

ರೈಲ್ವೆ 1948ರಿಂದ ಸರ್ಕಾರದ್ದೇ. ಆದರೆ ಜನ ಕಾರು ಕೊಳ್ಳತೊಡಗಿದ್ದರು, ಸರಕು ಲಾರಿ ಹತ್ತಿತ್ತು. 1962ರ ಹೊತ್ತಿಗೆ ವರ್ಷದ ನಷ್ಟ 10 ಕೋಟಿ ಪೌಂಡ್ ದಾಟಿತ್ತು.

ಬೀಚಿಂಗ್ 1961ರ ಏಪ್ರಿಲ್‌ನ ಒಂದು ವಾರದ ಲೆಕ್ಕ ಹಿಡಿದರು. ಒಟ್ಟು ಮಾರ್ಗದ ಮೂರನೇ ಒಂದು ಭಾಗದಲ್ಲಿ ಓಡಾಡುತ್ತಿದ್ದವರು ಪ್ರಯಾಣಿಕರಲ್ಲಿ ನೂರಕ್ಕೆ ಒಬ್ಬರಷ್ಟೇ. 1963ರ ಮಾರ್ಚ್‌ನಲ್ಲಿ ವರದಿ ಬಂತು: 2,363 ಸ್ಟೇಷನ್, ಸುಮಾರು 5,000 ಮೈಲಿ ಮಾರ್ಗ ಮುಚ್ಚಿ.

ಅಲ್ಲಿನ ಬೇಸಿಗೆ ರಜೆ ಜುಲೈ, ಆಗಸ್ಟ್‌ನಲ್ಲಿ. ಆಗ ಸಮುದ್ರ ತೀರದ ಊರುಗಳಿಗೆ ತುಂಬಿ ಓಡುತ್ತಿದ್ದ ರೈಲು ಏಪ್ರಿಲ್ ಲೆಕ್ಕದಲ್ಲಿ ಸಿಗುತ್ತದಾ? ಊರಿನ ರೈಲು ನಿಂತರೆ ಜನ ಕಾರಿನಲ್ಲಿ ದೊಡ್ಡ ಸ್ಟೇಷನ್ನಿಗೆ ಹೋಗಿ ರೈಲು ಹತ್ತುತ್ತಾರೆ ಎಂದೂ ಬೀಚಿಂಗ್ ನಂಬಿದ್ದರು. ಕಾರಿನಲ್ಲಿ ಕೂತವರು ಎಷ್ಟೋ ಜನ ಕೊನೆಯ ತನಕ ಅದರಲ್ಲೇ ಹೋದರು. ಇದು ದೊಡ್ಡ ತಪ್ಪೇ.

ಆದರೆ ಮುಚ್ಚುವ ಅಧಿಕಾರ ಇದ್ದದ್ದು ಮಂತ್ರಿಗೆ. ಬೀಚಿಂಗ್ ಅವರನ್ನು ಕರೆತಂದ ಸಾರಿಗೆ ಮಂತ್ರಿ ಅರ್ನೆಸ್ಟ್ ಮಾರ್ಪಲ್ಸ್ ರಸ್ತೆ ಕಟ್ಟುವ ಕಂಪನಿಯೊಂದರ ಸ್ಥಾಪಕರಲ್ಲಿ ಒಬ್ಬರು. 1964ರಲ್ಲಿ ಗೆದ್ದ ಲೇಬರ್ ಪಕ್ಷ ದೊಡ್ಡ ಪ್ರಮಾಣದ ಮುಚ್ಚುವಿಕೆ ನಿಲ್ಲಿಸುತ್ತೇವೆ ಎಂದಿತ್ತು. ನಿಲ್ಲಿಸಲಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಇಂಗ್ಲೆಂಡಿನ ಕಾರ್ಲೈಲ್‌ಗೆ ಹೋಗುವ ವೇವರ್ಲಿ ಮಾರ್ಗ ಮುಚ್ಚಿದ್ದು 1969ರ ಜನವರಿಯಲ್ಲಿ, ಬೀಚಿಂಗ್ ರೈಲ್ವೆ ಬಿಟ್ಟು ಮೂರು ವರ್ಷದ ಮೇಲೆ. ಆ ರಾತ್ರಿ ಗಡಿ ಹಳ್ಳಿ ನ್ಯೂಕ್ಯಾಸಲ್ಟನ್‌ನ ಜನ ಲೆವೆಲ್ ಕ್ರಾಸಿಂಗ್ ಗೇಟ್ ಹಾಕಿ, ಕೊನೆಯ ರೈಲಿಗೆ ಅಡ್ಡ ನಿಂತರು. ಪೊಲೀಸರು ಊರ ಪಾದ್ರಿಯನ್ನೇ ಹಿಡಿದರು. ರೈಲಿನಲ್ಲಿದ್ದ ಸಂಸದ ಡೇವಿಡ್ ಸ್ಟೀಲ್ ಮಧ್ಯೆ ಬಂದು, ಪಾದ್ರಿಯನ್ನು ಬಿಡಿಸುವ ಮಾತಾದ ಮೇಲೆ ಜನ ದಾರಿ ಬಿಟ್ಟರು. 2015ರಲ್ಲಿ ಈ ಮಾರ್ಗದ ಒಂದು ತುಂಡು, ಟ್ವೀಡ್‌ಬ್ಯಾಂಕ್ ತನಕ, ಮತ್ತೆ ಶುರುವಾಯಿತು. ನ್ಯೂಕ್ಯಾಸಲ್ಟನ್‌ಗೆ ಬರಲಿಲ್ಲ.

ರೈಲ್ವೆ ಬಿಟ್ಟ ಮೇಲೆ ಬೀಚಿಂಗ್ ಇನ್ನೊಂದು ಸರ್ಕಾರಿ ಕೆಲಸ ಮಾಡಿದರು. ಇಂಗ್ಲೆಂಡಿನ ಜಡ್ಜ್‌ಗಳು ಊರೂರು ಸುತ್ತಿ ವಿಚಾರಣೆ ನಡೆಸುತ್ತಿದ್ದ, ಶತಮಾನಗಳ ಹಳೆಯ ಪದ್ಧತಿಯನ್ನು ಪರಿಶೀಲಿಸುವ ಆಯೋಗಕ್ಕೆ ಅವರೇ ಅಧ್ಯಕ್ಷರು. ಅವರ ಶಿಫಾರಸಿನಂತೆ ಅದು ಹೋಗಿ 1972ರಲ್ಲಿ ಕ್ರೌನ್ ಕೋರ್ಟ್ ಬಂತು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಕೊಲೆಯಂಥ ಗಂಭೀರ ಕೇಸುಗಳು ಇವತ್ತಿಗೂ ನಡೆಯುವುದು ಅಲ್ಲೇ.