ನಕ್ಷೆಗೆ ಮೊದಲು ನೆರೆಮನೆ

ಗಾಳಿಯಿಂದ ವಿದ್ಯುತ್ ತಯಾರಿಸುವ ಯೋಜನೆ ಎಂದೊಡನೆ ಗುಡ್ಡದ ಮೇಲೆ ತಿರುಗುವ ರೆಕ್ಕೆಗಳು ಕಣ್ಣಿಗೆ ಬರುತ್ತವೆ. ನಮ್ಮ ಕೆಲಸ ಶುರುವಾಗುವುದು ಅದಕ್ಕೆ ಎಷ್ಟೋ ವರ್ಷ ಮುಂಚೆ, ಒಂದು ತೆಳ್ಳನೆಯ ಅಳತೆ ಕಂಬದಿಂದ. ಎಲ್ಲ ಋತುಗಳ ಗಾಳಿಯನ್ನು ಅದು ಕನಿಷ್ಠ ಒಂದು ವರ್ಷವಾದರೂ ಅಳೆಯಬೇಕು. ಗಾಳಿಯ ಶಕ್ತಿ ಅದರ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. ಸೆಕೆಂಡಿಗೆ 6 ಮೀಟರ್ ವೇಗದ ಗಾಳಿಗಿಂತ 7 ಮೀಟರ್ ವೇಗದ ಗಾಳಿಯಲ್ಲಿ ಸುಮಾರು ಶೇ 59ರಷ್ಟು ಹೆಚ್ಚು ಶಕ್ತಿಯಿದೆ. ಅಳತೆ ಸ್ವಲ್ಪ ತಪ್ಪಿದರೂ ಯೋಜನೆಯ ಲೆಕ್ಕವೆಲ್ಲ ಬುಡಮೇಲು.

ಆ ಕಂಬ ನೆಟ್ಟ ದಿನವೇ ಊರಿನಲ್ಲಿ ಮಾತು ಹುಟ್ಟುತ್ತದೆ. ಅಳತೆ ಮುಗಿಯಲಿ, ನಕ್ಷೆ ಸಿದ್ಧವಾಗಲಿ, ಸಭೆ ಆಮೇಲೆ ಕರೆಯೋಣ ಎನ್ನುವವರು ಎಡವುವುದು ಇಲ್ಲಿಯೇ. ಅಷ್ಟರಲ್ಲಿ ಜಮೀನು ಕೊಟ್ಟವರಿಗೆ ಗುತ್ತಿಗೆ ಹಣ ಎಷ್ಟೆಂಬುದು ಪಕ್ಕದವರಿಗೆ ತಿಳಿದಿರುತ್ತದೆ. ತಮ್ಮ ಪಾಲಿಗೆ ಸದ್ದು ಮತ್ತು ನೆರಳು ಮಾತ್ರ ಎಂಬುದೂ ತಿಳಿದಿರುತ್ತದೆ.

ಆ ನೆರಳನ್ನು ನಾನು ಕೆಲಸದ ಮೊದಲ ವರ್ಷಗಳಲ್ಲಿ ಒಂದು ಅಡುಗೆಮನೆಯಲ್ಲಿ ಕಂಡೆ. ಸೂರ್ಯ ಇಳಿಯುವ ಹೊತ್ತು, ರೆಕ್ಕೆಯ ನೆರಳು ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಗೋಡೆಯನ್ನು ಸವರಿಕೊಂಡು ಹೋಗುತ್ತಿತ್ತು. ಮನೆಯಾಕೆ ಪರದೆ ಎಳೆದು, ಹೊರಗೆ ಬೆಳಕಿರುವಾಗಲೇ ದೀಪ ಹಾಕಿಕೊಂಡು ಅಡುಗೆ ಮಾಡುತ್ತಿದ್ದರು. ನಮ್ಮ ವರದಿಯಲ್ಲಿ ಅದು 'ವರ್ಷಕ್ಕೆ ಇಷ್ಟು ಗಂಟೆ' ಎಂಬ ಬರಿಯ ಅಂಕಿಯಾಗಿತ್ತು. ಆ ದಿನದಿಂದ ಆ ಅಂಕಿಯನ್ನು ಸುಮ್ಮನೆ ಓದಿ ಮುಂದೆ ಹೋಗಲು ನನ್ನಿಂದಾಗಿಲ್ಲ.

ಸೂರ್ಯನ ಹಾದಿ ಮೊದಲೇ ಗೊತ್ತು. ಯಾವ ಮನೆಯ ಮೇಲೆ, ಯಾವ ತಿಂಗಳಲ್ಲಿ, ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆ ಎಂದು ಲೆಕ್ಕಹಾಕಿ, ಆ ಹೊತ್ತಿಗೆ ಯಂತ್ರ ತಾನಾಗಿ ನಿಲ್ಲುವಂತೆ ಮಾಡಬಹುದು. ಯಂತ್ರದ ಜಾಗವನ್ನೇ ಬದಲಿಸುವುದು ಇನ್ನೂ ಒಳ್ಳೆಯದು. ಆದರೆ ಎರಡು ಯಂತ್ರಗಳ ನಡುವೆ ರೆಕ್ಕೆಚಕ್ರದ ವ್ಯಾಸದ ಹಲವು ಪಟ್ಟು, ಸಾಮಾನ್ಯವಾಗಿ ಐದರಿಂದ ಏಳು ಪಟ್ಟು, ಅಂತರ ಬೇಕು. ಇಲ್ಲದಿದ್ದರೆ ಮುಂದಿನ ಯಂತ್ರ ಕಲಕಿಬಿಟ್ಟ ಗಾಳಿಯಲ್ಲಿ ಹಿಂದಿನದು ಸೊರಗುತ್ತದೆ. ಒಂದನ್ನು ಸರಿಸಿದರೆ ಉಳಿದವುಗಳೂ ಸರಿಯಬೇಕಾಗುತ್ತದೆ. ನಕ್ಷೆ ಗಟ್ಟಿಯಾದ ಮೇಲೆ ಇದಕ್ಕೆ ಯಾರೂ ಒಪ್ಪುವುದಿಲ್ಲ. ಹಾಗಾಗಿ ಮೊದಲ ಸಭೆಗೆ ನಾನು ಒಯ್ಯುವುದು ಯಂತ್ರಗಳ ಗುರುತಿಲ್ಲದ ನಕ್ಷೆ. ನೀರಿನ ಒರತೆ ಎಲ್ಲಿದೆ, ಹಕ್ಕಿಗಳು ಎಲ್ಲಿ ಇಳಿಯುತ್ತವೆ ಎಂದು ಊರಿನವರೇ ಅದರ ಮೇಲೆ ಗುರುತು ಹಾಕುತ್ತಾರೆ.

ಇನ್ನು ಲಾಭದ ಮಾತು. ಉದ್ಯೋಗದ ಭರವಸೆಯನ್ನು ನಾನು ಉಬ್ಬಿಸಿ ಹೇಳುವುದಿಲ್ಲ. ಕಟ್ಟುವಾಗ ಕೆಲಸ ಬಹಳ, ಕಟ್ಟಿದ ಮೇಲೆ ಬೇಕಾಗುವುದು ಕೆಲವೇ ತಂತ್ರಜ್ಞರು. ಗೋಪುರ ಮತ್ತು ದಾರಿ ಹಿಡಿದ ಜಾಗ ಬಿಟ್ಟು ಉಳಿದ ನೆಲದಲ್ಲಿ ಬೇಸಾಯ ಸಾಗುತ್ತದೆ, ಗುತ್ತಿಗೆ ಹಣ ಜಮೀನಿನ ಒಡೆಯರಿಗೆ ಹೋಗುತ್ತದೆ. ಜಮೀನಿಲ್ಲದ ನೆರೆಯವರಿಗೆ ಏನು ಎಂಬುದೇ ನಿಜವಾದ ಪ್ರಶ್ನೆ. ಡೆನ್ಮಾರ್ಕ್‌ನಲ್ಲಿ 2009ರಲ್ಲಿ ಜಾರಿಗೆ ಬಂದ ಕಾನೂನು, ಹೊಸ ಯೋಜನೆಯ ಕನಿಷ್ಠ ಶೇ 20ರಷ್ಟು ಷೇರುಗಳನ್ನು ಸ್ಥಳೀಯರಿಗೆ ಕೊಳ್ಳಲು ಕೊಡಬೇಕೆಂದು ವಿಧಿಸಿತು. 2020ರಲ್ಲಿ ಕೈಬಿಡುವವರೆಗೂ ಆ ನಿಯಮದಲ್ಲಿ 4.5 ಕಿಲೋಮೀಟರ್ ಒಳಗಿನ ನಿವಾಸಿಗಳಿಗೆ ಮೊದಲ ಅವಕಾಶವಿತ್ತು. ಸ್ಕಾಟ್ಲೆಂಡ್‌ನಲ್ಲಿ ಯಂತ್ರಗಳ ಸಾಮರ್ಥ್ಯದ ಪ್ರತಿ ಮೆಗಾವಾಟ್‌ಗೆ ವರ್ಷಕ್ಕೆ 5,000 ಪೌಂಡ್ ಸಮುದಾಯ ನಿಧಿಗೆ ಕೊಡುವುದು ಸರ್ಕಾರ ಸೂಚಿಸಿದ ಮಾದರಿ. ಅಲ್ಲಿನ ಗೀಯಾ ದ್ವೀಪದ ಜನ ಇನ್ನೂ ಮುಂದೆ ಹೋದರು. 2002ರಲ್ಲಿ ದ್ವೀಪವನ್ನೇ ಕೊಂಡು, ಆಮೇಲೆ ಬೇರೆಡೆ ಬಳಸಿದ್ದ ಮೂರು ಹಳೆಯ ಯಂತ್ರಗಳನ್ನು ತಂದು ನಿಲ್ಲಿಸಿದರು. ಅವನ್ನು ಅವರು ಕರೆಯುವುದು 'ಕುಣಿಯುವ ಹೆಂಗಳೆಯರು' ಎಂದು. ತಮ್ಮದಾದ ಯಂತ್ರದ ಮೇಲೆ ಹುಟ್ಟುವ ಅಕ್ಕರೆ ಬೇರೆಯೇ.

ನಿಧಿಯೇ ಇರಲಿ, ಷೇರೇ ಇರಲಿ, ಯಾರಿಗೆ ಎಷ್ಟು, ತೀರ್ಮಾನಿಸುವವರು ಯಾರು ಎಂಬುದು ಕಾಮಗಾರಿಗೆ ಮೊದಲೇ ಬರಹದಲ್ಲಿರಬೇಕು. ಯಂತ್ರಕ್ಕೆ ಹತ್ತಿರ ಇದ್ದಷ್ಟೂ ಪಾಲು ಹೆಚ್ಚಿರಬೇಕು ಎಂಬುದು ನನ್ನ ಅಭಿಪ್ರಾಯ. ಇಪ್ಪತ್ತು, ಇಪ್ಪತ್ತೈದು ವರ್ಷಗಳ ಬಳಿಕ ಯಂತ್ರ ಇಳಿಸುವ ಖರ್ಚಿಗೆ ಠೇವಣಿಯನ್ನು ಮೊದಲೇ ಇಡಿಸಿಕೊಳ್ಳಿ. ಆಗ ಕಾಂಕ್ರೀಟ್ ಅಡಿಪಾಯವನ್ನು ಎಷ್ಟು ಆಳದವರೆಗೆ ಅಗೆದು ತೆಗೆಯಬೇಕು ಎಂಬುದನ್ನೂ ಕರಾರಿನಲ್ಲಿ ಮೀಟರ್ ಲೆಕ್ಕದಲ್ಲಿ ಬರೆಸಿಕೊಳ್ಳಿ.