ನೀರುಗಂಟಿ ಇಲ್ಲದ ಕೆರೆ

ಕೆರೆ ಬತ್ತಿದರೆ ಮಳೆಯನ್ನು ದೂರುವುದು ನಮಗೆ ರೂಢಿ. ಕೋಲಾರ ಸೀಮೆಯ ಹಳೆಯ ಕೆರೆ ಏರಿಯ ಮೇಲೆ ನಿಂತರೆ ಬೇರೆಯೇ ಕತೆ ಕಾಣುತ್ತದೆ. ನೀರಿರಬೇಕಾದ ಜಾಗದಲ್ಲಿ ಜೋಡಿ ಕಲ್ಲುಕಂಬ, ಅವುಗಳ ನಡುವೆ ತೂತು ಕೊರೆದ ಅಡ್ಡಗಲ್ಲು. ಅದು ತೂಬು. ಅದನ್ನು ತೆರೆಯುವ, ಮುಚ್ಚುವ ಕೆಲಸ ನೀರುಗಂಟಿಯದು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂಬ ಲೆಕ್ಕ ಅವನ ತಲೆಯಲ್ಲೇ ಇರುತ್ತಿತ್ತು. ಕೂಲಿಯೆಂದರೆ ಸುಗ್ಗಿಯಲ್ಲಿ ಕಣದಲ್ಲಿ ಅಳೆದು ಕೊಡುವ ಧಾನ್ಯ. ಈ ಕೆಲಸ ಮಾಡಿದವರು ಹೆಚ್ಚಾಗಿ ದಲಿತರು, ಅಚ್ಚುಕಟ್ಟಿನ, ಅಂದರೆ ಕೆರೆ ನೀರುಣ್ಣುವ ಜಮೀನಿನ, ಒಳ್ಳೆಯ ಗದ್ದೆಗಳು ಹೆಚ್ಚಾಗಿ ಬೇರೆಯವರವು. ಹಳೆಯದನ್ನು ಹಾಡಿ ಹೊಗಳುವವರು ಈ ಮಾತನ್ನು ನುಂಗಿಬಿಡುತ್ತಾರೆ.

ಕೆರೆ ಕಟ್ಟಿದವರಿಗೂ ಕಾಯ್ದವರಿಗೂ ಭೂಮಿ ಬಿಡುತ್ತಿದ್ದುದನ್ನು ಶಾಸನಗಳು ‘ಬಿತ್ತುವಟ್ಟ’, ‘ಕೊಡಗಿ’ ಎನ್ನುತ್ತವೆ. 1866ರಲ್ಲಿ ಎಂಜಿನಿಯರ್ ಸ್ಯಾಂಕಿ (ಬೆಂಗಳೂರಿನ ಕೆರೆಯೊಂದಕ್ಕೆ ಅವರದೇ ಹೆಸರಿದೆ) ಮೈಸೂರು ಸಂಸ್ಥಾನದ ಸುಮಾರು ಶೇ 60ರಷ್ಟು ನೆಲ ಕೆರೆಗಳ ಜಾಲದೊಳಗಿದೆ, ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂದು ವರದಿ ಬರೆದರು. ಆ ಹೊತ್ತಿಗಾಗಲೇ ಕೆರೆಯ ಹೊಣೆ ಊರಿನ ಕೈ ಜಾರಿ ಸರ್ಕಾರದ ಕಡತ ಸೇರತೊಡಗಿತ್ತು. ಈಗಂತೂ 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟಿದ್ದರೆ ಕೆರೆ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯತ್‌ನದು. ಹೂಳೆತ್ತುವವರು ಯಾರು ಎಂಬ ಪ್ರಶ್ನೆ ಮಾತ್ರ ಕೆರೆಯಂಗಳದಲ್ಲೇ ಉಳಿಯಿತು. ಅಷ್ಟರಲ್ಲಿ ಬೋರ್‌ವೆಲ್ ಬಂತು. ತನ್ನ ಹೊಲದಲ್ಲೇ ನೀರು ಚಿಮ್ಮುವಾಗ ತೂಬಿನ ಸರದಿ ಕಾಯುವವರು ಯಾರು? ಕೊಳವೆ ಸಾವಿರ ಅಡಿ ದಾಟಿದಾಗ ಬಂದದ್ದು ಫ್ಲೋರೈಡ್ ನೀರು.

2002ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆ ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿತು. ಆಲೋಚನೆ ಸರಿಯಾಗಿಯೇ ಇತ್ತು. ಆದರೆ ಸಂಘ ಕಟ್ಟಿದ ಮಾತ್ರಕ್ಕೆ ನೀರುಗಂಟಿ ಮರಳಿ ಬರುವುದಿಲ್ಲ. ಗುತ್ತಿಗೆದಾರನ ಯಂತ್ರ ಹೂಳೆತ್ತಿ ಹೊರಟರೆ, ನಾಲ್ಕು ಮಳೆಗಾಲದಲ್ಲಿ ಹೂಳು ವಾಪಸ್ಸು.

ಕೆರೆಗೆ ಮತ್ತೆ ಜನ ಸಿಕ್ಕಿದ್ದನ್ನು ನೋಡಬೇಕೆಂದರೆ, ವಿಚಿತ್ರವೆನಿಸಿದರೂ, ಬೆಂಗಳೂರಿನ ಸರ್ಜಾಪುರ ರಸ್ತೆಗೆ ಬರಬೇಕು. ಕೈಕೊಂಡ್ರಹಳ್ಳಿ ಕೆರೆ ಕೊಳಚೆ ತುಂಬಿ ಸಾಯುವ ಸ್ಥಿತಿಯಲ್ಲಿದ್ದಾಗ ಸುತ್ತಲಿನ ನಿವಾಸಿಗಳು ಪಾಲಿಕೆಯ ಬೆನ್ನುಬಿದ್ದರು, ನಕ್ಷೆ ಮಾಡುವಾಗ ಜೊತೆಗೆ ಕುಳಿತರು, ಕೆಲಸ ಮುಗಿದ ಮೇಲೂ ಕೆರೆಯನ್ನು ಬಿಟ್ಟುಹೋಗಲಿಲ್ಲ. ನನಗೆ ಹಿಡಿಸಿದ್ದು ನಡಿಗೆಯ ಹಾದಿಯಲ್ಲ, ಹುಲ್ಲು. ದನ ಸಾಕುವವರು ಕೆರೆಯಂಚಿನಲ್ಲಿ ಮೇವು ಕೊಯ್ಯುವುದಕ್ಕೆ ಅಲ್ಲಿ ಜಾಗ ಉಳಿದಿದೆ. ಬೇಲಿ ಹಾಕಿ ಚಂದ ಮಾಡುವ ಎಷ್ಟೋ ಯೋಜನೆಗಳು ಮೊದಲು ಹೊರಗಟ್ಟುವುದು ಇವರನ್ನೇ.

ಈ ಕೆರೆ ಕೋಡಿ ಬಿದ್ದರೆ ನೀರು ಸೌಳು ಕೆರೆಗೆ ಇಳಿಯುತ್ತದೆ, ಅಲ್ಲಿಂದ ಬೆಳ್ಳಂದೂರಿಗೆ. 2015ರಲ್ಲಿ, ಮತ್ತೆ 2017ರಲ್ಲಿ, ಬೆಂಕಿ ಹತ್ತಿಕೊಂಡ ಅದೇ ಬೆಳ್ಳಂದೂರು ಕೆರೆಗೆ.